ಪಾಪ ಮತ್ತು ಅಂತಃಶಾಂತಿ: ಬೈಬಲಿನ ಬೋಧೆಯೂ ಹೊಯ್ಸಳ ನಾಡಿನ ಕವಿದೃಷ್ಟಿಯೂ

ಮನುಷ್ಯನು ತನ್ನ ತಪ್ಪನ್ನು ಲೋಕದ ಕಣ್ಣಿನಿಂದ ಮರೆಮಾಡಬಲ್ಲನು. ತನ್ನ ಮನಸ್ಸಿನಿಂದ ಮರೆಮಾಡಲಾರನು. ಅರಸನ ದಂಡನೆಯಿಂದಲೂ ನೆರೆಹೊರೆಯವರ ನಿಂದೆಯಿಂದಲೂ ಪಾರಾದವನಿಗೆ ರಾತ್ರಿಯ ನಿದ್ರೆ ಏಕೆ ಹತ್ತುವುದಿಲ್ಲ? ಹೊರಗೆ ಯಾರೂ ಬೆನ್ನಟ್ಟದಿರುವಾಗ ಒಳಗೆ ಓಡುತ್ತಿರುವವನು ಯಾರು, ಬೆನ್ನಟ್ಟುತ್ತಿರುವವನು ಯಾರು? ಒಮ್ಮೆ ಕದಡಿದ ಈ ಚಿತ್ತ ಮರಳಿ ತಿಳಿಯಾಗುವುದುಂಟೆ? ಆಗುವುದಾದರೆ ಯಾವ ಬೆಲೆಗೆ? ಲೋಕದ ದೊಡ್ಡ ಧರ್ಮಗ್ರಂಥಗಳು ಒಂದಲ್ಲ ಒಂದು ಬಗೆಯಲ್ಲಿ ಈ ಪ್ರಶ್ನೆಗಳನ್ನು ಎತ್ತಿಕೊಂಡಿವೆ. ಅವುಗಳಲ್ಲಿ ಬೈಬಲು ನೀಡುವ ಉತ್ತರವನ್ನು ಕನ್ನಡ ನಾಡಿನ, ಅದರಲ್ಲಿಯೂ ಹೊಯ್ಸಳರ ರಾಜಧಾನಿಯಾಗಿದ್ದ ದೋರಸಮುದ್ರದ ಸುತ್ತಣ ಕವಿಗಳ ದೃಷ್ಟಿಯೊಡನೆ ಇಟ್ಟು ನೋಡಿದರೆ ಎರಡರ ಸ್ವಾರಸ್ಯವೂ ಸ್ಪಷ್ಟವಾಗುತ್ತದೆ.

ಇಂತಹ ತೌಲನಿಕ ವಿವೇಚನೆಗೆ ಅರಸೀಕೆರೆ, ಬೇಲೂರು, ಹಳೇಬೀಡುಗಳ ಈ ಪ್ರದೇಶ ಸಹಜವಾದ ನೆಲೆಯಾಗಿದೆ. ಬೇಲೂರಿನ ಕೇಶವ ದೇಗುಲ 1117ರಲ್ಲಿ ಪ್ರತಿಷ್ಠೆಗೊಂಡಿತು. ಅಲ್ಲಿಂದ ಸುಮಾರು 16 ಕಿಲೋಮೀಟರ್ ದೂರದ ಹಳೇಬೀಡಿನಲ್ಲಿ, ಅಂದರೆ ಅಂದಿನ ದೋರಸಮುದ್ರದಲ್ಲಿ, ಹೊಯ್ಸಳೇಶ್ವರನ ಗುಡಿಯೂ ಪಾರ್ಶ್ವನಾಥನ ಬಸದಿಯೂ ಒಂದೇ ಊರಿನ ಎಲ್ಲೆಯೊಳಗೆ ಎದ್ದು ನಿಂತವು. ಅರಸೀಕೆರೆಯಲ್ಲಿ ಶಿವಾಲಯವೂ ದಂಡನಾಯಕ ರೇಚರಸನ ಸಹಸ್ರಕೂಟ ಜಿನಾಲಯವೂ ಹದಿಮೂರನೆಯ ಶತಮಾನದ ಆದಿಭಾಗದಲ್ಲಿ ಒಂದೇ ಕಾಲದವಾಗಿ ಬಾಳಿದವು. ಬೇರೆ ಬೇರೆ ಮತದವರು ಬೇರೆ ಬೇರೆ ಹೆಸರಿನಿಂದ ಉಪಾಸಿಸುವ ದೈವ ಒಂದೇ ಎಂದು ಸಾರುವ ಪ್ರಸಿದ್ಧ ಶ್ಲೋಕ ಬೇಲೂರಿನ ದೇಗುಲದೊಡನೆ ಹೆಣೆದುಕೊಂಡಿದೆ. ಕ್ರೈಸ್ತಮತವೂ ಈ ಜಿಲ್ಲೆಗೆ ಅಪರಿಚಿತವಲ್ಲ. ಹಾಸನದ ಬಳಿಯ ಶೆಟ್ಟಿಹಳ್ಳಿಯಲ್ಲಿ ಫ್ರೆಂಚ್ ಪಾದ್ರಿಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಕಟ್ಟಿಸಿದ ಇಗರ್ಜಿಯ ಭಗ್ನಾವಶೇಷ ಹೇಮಾವತಿಯ ಹಿನ್ನೀರು ಏರಿದಾಗ ಮುಳುಗಿ, ಇಳಿದಾಗ ಮೇಲೇಳುತ್ತಿದೆ.

ಕನ್ನಡದ ವಿದ್ಯಾರ್ಥಿಗಳಿಗೆ ಇನ್ನೊಂದು ನಂಟೂ ಸ್ಮರಣೀಯ. ದೋರಸಮುದ್ರದ ಕವಿಚಕ್ರವರ್ತಿ ಜನ್ನನ ಸೋದರಳಿಯ ಕೇಶಿರಾಜನು ರಚಿಸಿದ ‘ಶಬ್ದಮಣಿದರ್ಪಣ’ವನ್ನು 1872ರಲ್ಲಿ ಸಂಪಾದಿಸಿ ಪ್ರಕಟಿಸಿದವನು ಬಾಸೆಲ್ ಮಿಷನ್ನಿನ ಪಾದ್ರಿ ಫರ್ಡಿನಾಂಡ್ ಕಿಟ್ಟೆಲ್. ಬೈಬಲನ್ನು ಬೋಧಿಸಲು ಬಂದ ವಿದ್ವಾಂಸನು ಜೈನ ವೈಯಾಕರಣನ ಕೃತಿಯನ್ನು ಎತ್ತಿಹಿಡಿದನು. 1894ರಲ್ಲಿ ಹೊರಬಂದ ಅವನ ನಿಘಂಟಿನಲ್ಲಿ ಜೈನ, ವೀರಶೈವ, ವೈದಿಕ ಕವಿಗಳ ಶಬ್ದಸಂಪತ್ತೆಲ್ಲವೂ ಒಂದೆಡೆ ಕೂಡಿತು. ಗ್ರಂಥಗಳು ಹೀಗೆ ಒಂದರ ಬಳಿ ಇನ್ನೊಂದು ಕುಳಿತಿರುವಾಗ ಅವುಗಳ ಮಾತನ್ನು ಒಟ್ಟಿಗೆ ಆಲಿಸುವುದು ಉಚಿತವೇ ಸರಿ.

ಶಬ್ದಗಳ ಸಾಕ್ಷ್ಯ

ಬೈಬಲಿನ ಹಳೆಯ ಒಡಂಬಡಿಕೆ ಹೀಬ್ರೂ ಭಾಷೆಯದು. ಅಲ್ಲಿ ಶಾಂತಿಗೆ ಬಳಕೆಯಾಗುವ ಪದ ‘ಶಾಲೋಮ್’. ಇದಕ್ಕೆ ಕಲಹವಿಲ್ಲದಿರುವಿಕೆ ಎಂಬಷ್ಟೇ ಅರ್ಥವಲ್ಲ. ಪೂರ್ಣತೆ, ಕ್ಷೇಮ, ಒಡೆಯದೆ ಇಡಿಯಾಗಿರುವಿಕೆ ಎಂಬುದು ಅದರ ಮೂಲಭಾವ. ಆದುದರಿಂದ ಬೈಬಲಿನ ದೃಷ್ಟಿಯಲ್ಲಿ ಶಾಂತಿ ಎಂಬುದು ಬರಿಯ ಮನೋಭಾವವಲ್ಲ. ಮನುಷ್ಯನು ದೇವರೊಡನೆ, ನೆರೆಯವನೊಡನೆ, ತನ್ನೊಡನೆ ಹೊಂದಿರುವ ಸಂಬಂಧ ಇಡಿಯಾಗಿರುವ ಸ್ಥಿತಿಯೇ ಶಾಂತಿ. ಮೂರರಲ್ಲಿ ಒಂದು ಮುರಿದರೂ ಉಳಿದೆರಡು ಅಲುಗಾಡುತ್ತವೆ.

ಪಾಪಕ್ಕೆ ಹೀಬ್ರೂವಿನಲ್ಲಿ ಹಲವು ಪದಗಳುಂಟು. ಅವುಗಳಲ್ಲಿ ಹೆಚ್ಚು ಬಳಕೆಯ ಧಾತುವಿಗೆ ಗುರಿ ತಪ್ಪುವುದು ಎಂಬುದೇ ಮೂಲಾರ್ಥ. ನ್ಯಾಯಸ್ಥಾಪಕರ ಗ್ರಂಥದಲ್ಲಿ ಕೂದಲೆಳೆಗೂ ಗುರಿಯಿಟ್ಟು ಕವಣೆಕಲ್ಲು ಬೀಸಬಲ್ಲ 700 ಮಂದಿ ಎಡಗೈ ವೀರರ ಪ್ರಸ್ತಾಪ ಬರುತ್ತದೆ; ಅವರು ಗುರಿ ತಪ್ಪುತ್ತಿರಲಿಲ್ಲ ಎನ್ನಲು ಅಲ್ಲಿ ಬಳಸಿರುವುದು ಇದೇ ಧಾತುವನ್ನು. ಹೊಸ ಒಡಂಬಡಿಕೆಯ ಗ್ರೀಕ್ ಪದಕ್ಕೂ ಇದೇ ಹಿನ್ನೆಲೆಯಿದೆ. ಕನ್ನಡದ ವಾಚಕನಿಗೆ ಇದು ಹೊಸದಾಗಿ ತೋರಲಾರದು. ಏಕೆಂದರೆ ಗುರಿ ‘ತಪ್ಪು’ವುದಕ್ಕೂ ದಾರಿ ‘ತಪ್ಪು’ವುದಕ್ಕೂ ಮಾತಿಗೆ ‘ತಪ್ಪು’ವುದಕ್ಕೂ ಅಪರಾಧವೆಂಬ ಅರ್ಥದ ‘ತಪ್ಪಿ’ಗೂ ಕನ್ನಡದಲ್ಲಿ ಒಂದೇ ಪದ. ಹೀಬ್ರೂವಿನ ಇನ್ನೊಂದು ಪದದಲ್ಲಿ ಡೊಂಕಾಗುವ ಭಾವವಿದೆ; ಅದೇ ಪದ ಕೃತ್ಯವನ್ನೂ, ಕೃತ್ಯದಿಂದ ಹುಟ್ಟುವ ದೋಷಭಾರವನ್ನೂ, ಅದರ ದಂಡನೆಯನ್ನೂ ಸೂಚಿಸಬಲ್ಲುದು. ಪಾಪ ಬೇರೆ, ಅದರ ನೋವು ಬೇರೆ ಎಂದು ಆ ಭಾಷೆ ಎರಡಾಗಿ ಸೀಳುವುದಿಲ್ಲ. ತಪ್ಪಿನ ಶಿಕ್ಷೆ ತಪ್ಪಿನೊಳಗೇ ಬೀಜರೂಪವಾಗಿರುತ್ತದೆ.

ಪಾಪದಿಂದ ಬಿಡುಗಡೆ ಹೊಂದುವ ಕ್ರಿಯೆಗೆ ಹೀಬ್ರೂವಿನಲ್ಲಿರುವ ಪದಕ್ಕೆ ಹಿಂದಿರುಗುವುದು ಎಂದರ್ಥ. ಗ್ರೀಕ್ ಪದಕ್ಕೆ ಮನಸ್ಸು ಬದಲಾಗುವುದು ಎಂದರ್ಥ. ಕನ್ನಡ ಬೈಬಲಿನ ‘ಮಾನಸಾಂತರ’ ಎಂಬ ರೂಪ ಈ ಎರಡನೆಯದನ್ನು ಚೆನ್ನಾಗಿ ಹಿಡಿದಿದೆ. ಬರಿಯ ಪಶ್ಚಾತ್ತಾಪ ಹಿಂದಿನದಕ್ಕೆ ಬೇಯುವುದು. ಮಾನಸಾಂತರ ಮುಂದಿನದಕ್ಕೆ ತಿರುಗುವುದು.

ಅಡಗಿಕೊಳ್ಳುವ ಮನುಷ್ಯ

ಬೈಬಲಿನ ಮೊದಲ ಗ್ರಂಥವಾದ ಆದಿಕಾಂಡದಲ್ಲಿ ಪ್ರಥಮ ಪಾಪದ ಪ್ರಥಮ ಪರಿಣಾಮ ಮರಣವಲ್ಲ, ಅಡಗಿಕೊಳ್ಳುವಿಕೆ. ನಿಷಿದ್ಧ ಫಲವನ್ನು ತಿಂದ ಸ್ತ್ರೀಪುರುಷರು ತೋಟದ ಮರಗಳ ನಡುವೆ ಬಚ್ಚಿಟ್ಟುಕೊಳ್ಳುತ್ತಾರೆ. ಎಲ್ಲಿರುವೆ ಎಂದು ದೇವರು ಕೇಳುವ ಪ್ರಶ್ನೆ ಸ್ಥಳವನ್ನು ಕುರಿತದ್ದಲ್ಲ, ಸ್ಥಿತಿಯನ್ನು ಕುರಿತದ್ದು. ಅದುವರೆಗೆ ಭಯವೆಂಬುದು ಆ ತೋಟದಲ್ಲಿರಲಿಲ್ಲ.

ಎರಡನೆಯ ತಲೆಮಾರಿನಲ್ಲಿ ಭಯ ಅಲೆದಾಟವಾಗುತ್ತದೆ. ಕಾಯಿನನು ತಮ್ಮನಾದ ಹೇಬೆಲನನ್ನು ಹೊಲದಲ್ಲಿ ಕೊಲ್ಲುತ್ತಾನೆ. ಕೊಲೆಗೆ ಮುಂಚೆಯೇ ಅವನ ಮುಖ ಕಳೆಗುಂದಿತ್ತು ಎಂಬ ಸೂಕ್ಷ್ಮವನ್ನು ಗ್ರಂಥಕಾರನು ದಾಖಲಿಸಿದ್ದಾನೆ. ಅಸೂಯೆ ಶಾಂತಿಯನ್ನು ಕದ್ದ ಮೇಲೆಯೇ ಕೈ ಮೇಲೆದ್ದಿತು. ಕೊಲೆಯ ಅನಂತರ ಅವನನ್ನು ಯಾರೂ ಕೊಲ್ಲುವುದಿಲ್ಲ. ಬದಲಾಗಿ ಕೊಲ್ಲದಂತೆ ರಕ್ಷೆಯ ಗುರುತೊಂದು ಅವನಿಗೆ ದೊರೆಯುತ್ತದೆ. ಆದರೂ ಕಂಡವರೆಲ್ಲ ತನ್ನನ್ನು ಕೊಲ್ಲುವರೆಂಬ ಭೀತಿ ಅವನನ್ನು ಹಿಡಿಯುತ್ತದೆ. ಅವನು ನೆಲೆಸಿದ ನಾಡಿನ ಹೆಸರಿನಲ್ಲಿಯೇ ಅಲೆದಾಟವೆಂಬ ಅರ್ಥ ಅಡಗಿದೆ. ದುಷ್ಟನು ಯಾರೂ ಅಟ್ಟದಿದ್ದರೂ ಓಡುವನೆಂಬ ಜ್ಞಾನೋಕ್ತಿಗಳ ತಾತ್ಪರ್ಯವೂ, ದುಷ್ಟರನ್ನು ತಟಸ್ಥವಾಗಿರಲಾರದೆ ಕೆಸರು ಕಾರುವ ಕಡಲಿಗೆ ಹೋಲಿಸುವ ಪ್ರವಾದಿ ಯೆಶಾಯನ ರೂಪಕವೂ ಇದೇ ಅನುಭವವನ್ನು ಸಾರುತ್ತವೆ.

ಯೋಸೇಫನ ಅಣ್ಣಂದಿರ ವೃತ್ತಾಂತ ಇನ್ನೂ ಸೂಕ್ಷ್ಮವಾದುದು. ಹದಿನೇಳು ವರ್ಷದ ತಮ್ಮನನ್ನು ಅವರು ಗುಂಡಿಗೆ ತಳ್ಳಿ, ಬಳಿಕ ವ್ಯಾಪಾರಿಗಳ ಕೈಗೆ ಸಿಕ್ಕುವಂತೆ ಮಾಡಿ, ತಂದೆಗೆ ರಕ್ತದಲ್ಲಿ ಅದ್ದಿದ ಅಂಗಿಯನ್ನು ತೋರಿಸಿದರು. ಯೋಸೇಫನು ಐಗುಪ್ತದ ಅರಸನ ಮುಂದೆ ನಿಂತಾಗ ಅವನಿಗೆ ಮೂವತ್ತು ವರ್ಷ. ಅನಂತರ ಏಳು ವರ್ಷ ಸುಭಿಕ್ಷ. ಆ ಬಳಿಕ ಬರಗಾಲದಲ್ಲಿ ಅಣ್ಣಂದಿರು ಧಾನ್ಯಕ್ಕಾಗಿ ಬಂದರು. ಎಂದರೆ ಅಪರಾಧ ನಡೆದು ಇಪ್ಪತ್ತು ವರ್ಷ ಕಳೆದಿತ್ತು. ಪರದೇಶದಲ್ಲಿ ಅಪರಿಚಿತ ಅಧಿಕಾರಿಯೊಬ್ಬನು ಅವರನ್ನು ಗೂಢಚಾರರೆಂದು ಗದರಿಸಿದೊಡನೆ ಅವರ ಬಾಯಿಂದ ಬಂದ ಮಾತು ತಮ್ಮನ ವಿಷಯದ್ದು; ಅವನು ಅಂಗಲಾಚಿದರೂ ಕಿವಿಗೊಡಲಿಲ್ಲವಲ್ಲ, ಅದರ ಫಲವಿದು ಎಂದು ಅವರು ತಮ್ಮತಮ್ಮಲ್ಲಿಯೇ ಹೇಳಿಕೊಂಡರು. ಯೋಸೇಫನು ಅತ್ತು ಅವರನ್ನು ಕ್ಷಮಿಸಿ ಅಪ್ಪಿಕೊಂಡನು. ಆದರೂ ತಂದೆ ಯಾಕೋಬನು ಐಗುಪ್ತದಲ್ಲಿ ಹದಿನೇಳು ವರ್ಷ ಬಾಳಿ ತೀರಿಕೊಂಡಾಗ ಅಣ್ಣಂದಿರು ಮತ್ತೆ ನಡುಗಿದರು. ಇನ್ನು ಸೇಡು ತೀರಿಸಿಕೊಳ್ಳುವನೆಂದು ಬಗೆದರು. ಅದನ್ನು ಕೇಳಿ ಯೋಸೇಫನು ಮತ್ತೊಮ್ಮೆ ಅತ್ತನು. ಕ್ಷಮೆ ಕೊಡುವವನಿಂದ ಒಂದು ದಿನದಲ್ಲಿ ಹೊರಡಬಹುದು; ಅದನ್ನು ನಂಬುವ ಶಕ್ತಿ ತಪ್ಪಿತಸ್ಥನ ಮನಸ್ಸಿನಲ್ಲಿ ಬೇರೂರಲು ಅರ್ಧ ಆಯುಷ್ಯವೇ ಬೇಕಾಗಬಹುದು. ಅಪರಾಧಿಯ ಮನಸ್ಸನ್ನು ಇಷ್ಟು ದೀರ್ಘಕಾಲ ಬೆನ್ನುಹತ್ತಿ ಹೋಗುವ ಕಥನ ವಿರಳ.

ಮುಚ್ಚಿಡುವಿಕೆ: ದಾವೀದನೂ ಯಶೋಧರನೂ

ಅರಸ ದಾವೀದನ ಕಥೆ ಬೈಬಲಿನ ಪಾಪಮೀಮಾಂಸೆಯ ಕೇಂದ್ರವೆನ್ನಬಹುದು. ಸೈನಿಕ ಊರೀಯನು ಯುದ್ಧಭೂಮಿಯಲ್ಲಿದ್ದಾಗ ಅವನ ಹೆಂಡತಿ ಬತ್ಷೆಬೆಯನ್ನು ದಾವೀದನು ಕರೆಸಿಕೊಂಡನು. ಅವಳು ಗರ್ಭಿಣಿಯಾದ ಸುದ್ದಿ ಬಂದಾಗ ಊರೀಯನನ್ನು ಮನೆಗೆ ಕರೆಸಿ ವಿಷಯವನ್ನು ಮುಚ್ಚಲು ಯತ್ನಿಸಿದನು. ಸಂಗಡಿಗರು ಬಯಲಿನಲ್ಲಿ ಬೀಡುಬಿಟ್ಟಿರುವಾಗ ತಾನು ಮನೆಯ ಸುಖ ಪಡೆಯಲೊಲ್ಲೆನೆಂದು ಊರೀಯನು ಬಾಗಿಲಲ್ಲೇ ಮಲಗಿದನು. ಆಗ ದಾವೀದನು ಅವನನ್ನು ಕಾಳಗದ ಮುಂಚೂಣಿಯಲ್ಲಿ ನಿಲ್ಲಿಸಿ ಕೊಲ್ಲಿಸುವಂತೆ ಪತ್ರ ಬರೆದು, ಆ ಪತ್ರವನ್ನು ಅವನ ಕೈಯಲ್ಲೇ ಕಳುಹಿಸಿದನು. ಮೊದಲ ಪಾಪಕ್ಕೆ ಕಾಮ ಕಾರಣ. ಎರಡನೆಯ, ಇನ್ನೂ ಘೋರವಾದ ಪಾಪಕ್ಕೆ ಮುಚ್ಚಿಡುವ ಹಂಬಲವೇ ಕಾರಣ.

ದೋರಸಮುದ್ರದ ವೀರಬಲ್ಲಾಳನ ಆಸ್ಥಾನದ ಜನ್ನನು 1209ರಲ್ಲಿ ಪೂರ್ಣಗೊಳಿಸಿದ ‘ಯಶೋಧರ ಚರಿತೆ’ಯಲ್ಲಿ ಇದರ ತಿರುಗುಮುರುಗಾದ ಚಿತ್ರವಿದೆ. ಇಲ್ಲಿ ವಂಚನೆಗೊಳಗಾದವನು ಅರಸ. ಅವನ ರಾಣಿ ಅಮೃತಮತಿ ನಡುರಾತ್ರಿಯ ಗಾನಕ್ಕೆ ಮನಸೋತು, ವಿಕಾರರೂಪಿಯಾದ ಮಾವಟಿಗ ಅಷ್ಟಾವಂಕನ ಬಳಿಗೆ ಹೋಗುತ್ತಾಳೆ. ಅರಸನು ಹಿಂಬಾಲಿಸಿ ಕಂಡು, ಎತ್ತಿದ ಖಡ್ಗವನ್ನು ತಡೆದುಕೊಂಡು ಹಿಂದಿರುಗುತ್ತಾನೆ. ಅಲ್ಲಿಗೆ ಅವನು ನಿರ್ದೋಷಿ. ಆದರೆ ಮರುದಿನ ತಾಯಿ ಚಂದ್ರಮತಿ ಮಗನ ಕಳೆಗುಂದಿದ ಮುಖವನ್ನು ಕಂಡು ಕಾರಣ ಕೇಳಿದಾಗ ಅವನು ನಿಜವನ್ನು ನುಡಿಯದೆ ಕೆಟ್ಟ ಕನಸಿನ ನೆಪ ಹೇಳುತ್ತಾನೆ. ದುಃಸ್ವಪ್ನದ ಶಾಂತಿಗೆ ತಾಯಿ ಪ್ರಾಣಿಬಲಿಯನ್ನು ಸೂಚಿಸುತ್ತಾಳೆ. ಕೊಲ್ಲಲಾರೆನೆಂದು ಮಗನು, ಬಿಡಲಾರೆನೆಂದು ತಾಯಿ ಹಟ ಹಿಡಿದು ಕೊನೆಗೆ ಹಿಟ್ಟಿನ ಕೋಳಿಯೊಂದನ್ನು ಬಲಿಕೊಡುವುದೆಂದು ರಾಜಿಯಾಗುತ್ತದೆ. ಕತ್ತಿಯ ಪೆಟ್ಟು ಬಿದ್ದೊಡನೆ ಆ ಹಿಟ್ಟಿನ ಕೋಳಿ ಕೂಗಿತು.

ಆ ಕೂಗು ಕನ್ನಡ ಕಾವ್ಯದ ಮರೆಯಲಾಗದ ಧ್ವನಿಗಳಲ್ಲೊಂದು. ಹರಿದದ್ದು ರಕ್ತವಲ್ಲ, ಸತ್ತದ್ದು ಜೀವವಲ್ಲ. ಆದರೆ ಕೊಲ್ಲುವ ಸಂಕಲ್ಪ ನಿಜವಾಗಿತ್ತು. ಸಂಕಲ್ಪಹಿಂಸೆಯೊಂದರ ಫಲವಾಗಿ ತಾಯಿ ಮಕ್ಕಳಿಬ್ಬರೂ, ರಾಣಿಯಿಕ್ಕಿದ ವಿಷದಿಂದ ಸತ್ತು, ನವಿಲು, ನಾಯಿ, ಮುಳ್ಳುಹಂದಿ, ಹಾವು, ಮೀನು, ಮೊಸಳೆ, ಆಡು, ಕೋಣ, ಕೋಳಿಗಳಾಗಿ ಭವಭವಗಳಲ್ಲಿ ಬೇಯುತ್ತಾರೆ. ಬೈಬಲಿನ ಬೆಟ್ಟದ ಪ್ರಸಂಗದಲ್ಲಿ ಯೇಸು ಸಹ ಕೊಲೆಯ ನಿಷೇಧವನ್ನು ಕೋಪದವರೆಗೂ, ವ್ಯಭಿಚಾರದ ನಿಷೇಧವನ್ನು ಕಾಮದೃಷ್ಟಿಯವರೆಗೂ ಒಳಕ್ಕೆ ಒಯ್ಯುತ್ತಾನೆ. ಎರಡು ಸಂಪ್ರದಾಯಗಳ ತತ್ತ್ವ ಬೇರೆಯಾದರೂ ಪಾಪದ ನೆಲೆ ಕೈಯಲ್ಲ, ಬಗೆ ಎಂಬಲ್ಲಿ ಅವು ಕೂಡುತ್ತವೆ. ಬಸವಣ್ಣನವರು ಕಳವು, ಕೊಲೆ, ಹುಸಿ ಮೊದಲಾದ ಏಳನ್ನು ನಿಷೇಧಿಸುವ ಪ್ರಸಿದ್ಧ ವಚನದಲ್ಲಿ ಅಂತರಂಗಶುದ್ಧಿಯನ್ನೂ ಬಹಿರಂಗಶುದ್ಧಿಯನ್ನೂ ಒಂದೇ ನಡೆಯ ಎರಡು ಮುಖಗಳಾಗಿ ಕಂಡಿರುವುದೂ ಈ ಸಂದರ್ಭದಲ್ಲಿ ನೆನೆಯತಕ್ಕದ್ದು.

ದಾವೀದ, ಯಶೋಧರ ಇವರಿಬ್ಬರ ಕಥೆಗಳನ್ನು ಒಟ್ಟಿಗೆ ಓದಿದರೆ ಹೊಳೆಯುವ ಸತ್ಯವೊಂದುಂಟು. ಇಬ್ಬರನ್ನೂ ದೊಡ್ಡ ಅನರ್ಥಕ್ಕೆ ನೂಕಿದುದು ಬಚ್ಚಿಟ್ಟ ಮಾತು. ಒಬ್ಬನು ತನ್ನ ತಪ್ಪನ್ನು ಮುಚ್ಚಿದನು. ಇನ್ನೊಬ್ಬನು ತನ್ನ ಅವಮಾನವನ್ನು ಮುಚ್ಚಿದನು. ದಾವೀದನ ಹೆಸರಿನಲ್ಲಿರುವ 32ನೆಯ ಕೀರ್ತನೆ ಮೌನದಲ್ಲಿ ಎಲುಬು ಸವೆದು ಬೇಸಗೆಯ ಬಿಸಿಲಿಗೆ ಕಸುವು ಬತ್ತಿದ ಅನುಭವವನ್ನು ತೋಡಿಕೊಳ್ಳುತ್ತದೆ. ಮನಸ್ಸಿನ ಗುಟ್ಟು ದೇಹದ ಬೇನೆಯಾಗುವ ಈ ವರ್ಣನೆ ವೈದ್ಯಶಾಸ್ತ್ರದ ಪರಿಭಾಷೆ ಹುಟ್ಟುವುದಕ್ಕೆ ಬಹು ಮುಂಚಿನದು.

ದಾವೀದನ ಮೌನವನ್ನು ಒಡೆದವನು ಪ್ರವಾದಿ ನಾತಾನ. ಅವನು ನೇರವಾಗಿ ಆಪಾದಿಸಲಿಲ್ಲ. ಮಂದೆಗಳ ಒಡೆಯನೊಬ್ಬನು ಬಡವನ ಒಂದೇ ಒಂದು ಕುರಿಮರಿಯನ್ನು ಕಸಿದು ಅತಿಥಿಗೆ ಅಡಿಗೆ ಮಾಡಿಸಿದ ಕಥೆಯನ್ನು ಹೇಳಿದನು. ದಾವೀದನು ಸಿಟ್ಟಿಗೆದ್ದು ಆ ಧನಿಕನು ಮರಣಕ್ಕೆ ಯೋಗ್ಯನೆಂದಾಗ, ಅವನೇ ನೀನು ಎಂದು ನಾತಾನನು ತೋರಿಸಿಕೊಟ್ಟನು. ಕನ್ನಡಿ ಹಿಡಿಯುವ ಗುರುವಿಲ್ಲದೆ ಶಿಷ್ಯನು ತನ್ನ ಮುಖವನ್ನು ಕಾಣಲಾರನು. ಹಳೇಬೀಡಿನ ಪಾರ್ಶ್ವನಾಥ ಬಸದಿಯ ನುಣುಪಾದ ಕಂಬಗಳಲ್ಲಿ ನೋಡುವವನ ಬಿಂಬ ಮೂಡುವಂತೆ, ನಾತಾನನ ಕಥೆಯಲ್ಲಿ ಅರಸನಿಗೆ ತನ್ನ ಬಿಂಬ ಮೂಡಿತು.

ದುಃಖವೆಲ್ಲ ಪಾಪದ ಗುರುತಲ್ಲ

ಇಲ್ಲಿ ಒಂದು ಎಚ್ಚರ ಅಗತ್ಯ. ಪಾಪವು ಶಾಂತಿಯನ್ನು ಕೆಡಿಸುವುದೆಂಬ ಮಾತನ್ನು ಹಿಂದುಮುಂದಾಗಿಸಿ, ಕಷ್ಟದಲ್ಲಿರುವವರೆಲ್ಲ ಪಾಪಿಗಳೆಂದು ತೀರ್ಮಾನಿಸುವ ಕ್ರೌರ್ಯ ಎಲ್ಲ ಸಮಾಜಗಳಲ್ಲಿಯೂ ಕಂಡುಬರುತ್ತದೆ. ಬೈಬಲಿನ ಯೋಬನ ಗ್ರಂಥ ಈ ಕ್ರೌರ್ಯಕ್ಕೆ ಕೊಟ್ಟ ಉತ್ತರವೆನ್ನಬಹುದು. ಸೈತಾನನು ದೇವರ ಸಭೆಯಲ್ಲಿ ಯೋಬನ ಧರ್ಮನಿಷ್ಠೆಯನ್ನು ಶಂಕಿಸುತ್ತಾನೆ. ಪರೀಕ್ಷೆಗಾಗಿ ಯೋಬನು ಸಂಪತ್ತು, ಮಕ್ಕಳು, ಆರೋಗ್ಯ ಎಲ್ಲವನ್ನೂ ಕಳೆದುಕೊಳ್ಳುತ್ತಾನೆ. ಸಂತೈಸಲು ಬಂದ ಗೆಳೆಯರು ಅವನ ಗುಪ್ತಪಾಪವನ್ನು ಹುಡುಕತೊಡಗುತ್ತಾರೆ. ಗ್ರಂಥಾಂತ್ಯದಲ್ಲಿ ದೇವರ ಕೋಪಕ್ಕೆ ಗುರಿಯಾಗುವವರು ಆ ಗೆಳೆಯರೇ ಹೊರತು ಯೋಬನಲ್ಲ. ಹುಟ್ಟುಕುರುಡನನ್ನು ಕಂಡು ಇದು ಯಾರ ಪಾಪದ ಫಲವೆಂದು ಶಿಷ್ಯರು ಕೇಳಿದಾಗ ಯೇಸುವೂ ಅದು ಅವನದಲ್ಲ, ಅವನ ತಂದೆತಾಯಿಗಳದೂ ಅಲ್ಲವೆಂದನು. ಸಿಲೋವದ ಗೋಪುರ ಬಿದ್ದು ಸತ್ತ ಹದಿನೆಂಟು ಮಂದಿ ಉಳಿದವರಿಗಿಂತ ಹೆಚ್ಚು ಪಾಪಿಗಳೆಂದು ಭಾವಿಸಬಾರದೆಂದೂ ಎಚ್ಚರಿಸಿದನು.

ಕನ್ನಡದಲ್ಲಿ ಯೋಬನಿಗೆ ಜೊತೆಯಾಗಬಲ್ಲವನು ರಾಘವಾಂಕನ ಹರಿಶ್ಚಂದ್ರ. ರಾಘವಾಂಕನು ಹರಿಹರನ ಸೋದರಳಿಯ. ಹರಿಹರನಾದರೋ ದೋರಸಮುದ್ರದ ಆಸ್ಥಾನದಲ್ಲಿ ಕರಣಿಕನಾಗಿದ್ದು, ಅರಮನೆಯ ಲೆಕ್ಕವನ್ನು ತೊರೆದು ಹಂಪೆಯ ವಿರೂಪಾಕ್ಷನ ಸನ್ನಿಧಿಗೆ ತೆರಳಿದನೆಂದು ಐತಿಹ್ಯ. ‘ಹರಿಶ್ಚಂದ್ರ ಕಾವ್ಯ’ದಲ್ಲಿಯೂ ಪರೀಕ್ಷೆಯ ಆರಂಭ ದೇವಸಭೆಯಲ್ಲೇ. ಇಂದ್ರನ ಸಭೆಯಲ್ಲಿ ವಸಿಷ್ಠ ವಿಶ್ವಾಮಿತ್ರರ ನಡುವೆ ಎದ್ದ ವಾದಕ್ಕೆ ಭೂಲೋಕದ ಅರಸನೊಬ್ಬನು ಬೆಲೆ ತೆರುತ್ತಾನೆ. ರಾಜ್ಯ ಹೋಗುತ್ತದೆ, ಮಡದಿ ಮಗ ಮಾರಾಟವಾಗುತ್ತಾರೆ, ಅರಸನು ಸುಡುಗಾಡಿನ ಕಾವಲುಗಾರನಾಗುತ್ತಾನೆ. ಅವನು ಅಳುತ್ತಾನೆ, ಕುಸಿಯುತ್ತಾನೆ. ಆದರೆ ಕಾಯಿನನಂತೆ ಓಡುವುದಿಲ್ಲ, ಆದಿಮಾನವನಂತೆ ಅಡಗುವುದಿಲ್ಲ. ಹುಸಿಯೊಂದನ್ನಾಡಿದರೆ ಎಲ್ಲವೂ ಹಿಂದಿರುಗುವ ಅವಕಾಶವಿದ್ದರೂ ಅದನ್ನು ಒಲ್ಲನು. ದುಃಖವೇ ಬೇರೆ, ತಳಮಳವೇ ಬೇರೆ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವುದು ಕಷ್ಟ. ದುಃಖ ಕಡಲ ಮೇಲಣ ಅಲೆ. ಪಾಪದ ತಳಮಳ ಹಡಗಿನ ತಳದ ಬಿರುಕು.

ಹುಸಿಶಾಂತಿ

ಹಾಗಾದರೆ ತಪ್ಪು ಮಾಡಿಯೂ ನೆಮ್ಮದಿಯಾಗಿರುವವರ ವಿಷಯವೇನು? ಬೈಬಲು ಈ ಆಕ್ಷೇಪವನ್ನು ಬದಿಗೊತ್ತುವುದಿಲ್ಲ. ದುಷ್ಟರ ಏಳಿಗೆಯನ್ನು ಕಂಡು ಅಸೂಯೆಪಟ್ಟ ಭಕ್ತನ ಕಳವಳವನ್ನು 73ನೆಯ ಕೀರ್ತನೆ ಮರೆಮಾಚದೆ ತೋಡಿಕೊಂಡಿದೆ. ಜನರ ಗಾಯವನ್ನು ಮೇಲುಮೇಲಕ್ಕೆ ಸವರಿ, ಶಾಂತಿಯಿಲ್ಲದಲ್ಲಿ ಶಾಂತಿಯಿದೆಯೆಂದು ಸಾರುವ ಪುರೋಹಿತರನ್ನು ಯೆರೆಮೀಯನು ಖಂಡಿಸಿದ್ದಾನೆ. ಬರೆ ಬಿದ್ದ ಚರ್ಮದಂತೆ ಸಂವೇದನೆ ಕಳೆದುಕೊಂಡ ಅಂತಸ್ಸಾಕ್ಷಿಯನ್ನು ಹೊಸ ಒಡಂಬಡಿಕೆಯ ಪತ್ರವೊಂದು ಹೆಸರಿಸುತ್ತದೆ. ಅಂತಹವನ ನೆಮ್ಮದಿ ಆರೋಗ್ಯದ ಲಕ್ಷಣವಲ್ಲ. ಜಡಬಿದ್ದ ಅಂಗಕ್ಕೆ ಮುಳ್ಳು ಚುಚ್ಚಿದರೂ ನೋವಾಗದು, ಅಷ್ಟೆ. ಅಮೃತಮತಿಯ ಚಿತ್ರಣದಲ್ಲಿ ಜನ್ನನು ಈ ಜಡತೆಯನ್ನೇ ಕಾಣಿಸಿದ್ದಾನೆ. ಗಂಡನನ್ನು ವಂಚಿಸುವಾಗ ಅಳುಕದವಳು ಅತ್ತೆಗೂ ಗಂಡನಿಗೂ ವಿಷವಿಕ್ಕುವಾಗಲೂ ಅಳುಕುವುದಿಲ್ಲ. ಈ ದೃಷ್ಟಿಯಿಂದ ಪಾಪ ಮಾಡಿದವನ ಮನಸ್ಸು ಕುದಿಯುವುದು ಶಾಪವಲ್ಲ, ವರ. ನೋವು ಇರುವವರೆಗೆ ಜೀವ ಇದೆ. ಜೀವ ಇರುವವರೆಗೆ ಹಿಂದಿರುಗುವ ದಾರಿ ಇದೆ.

ಹಿಂದಿರುಗುವ ದಾರಿ

ಆ ದಾರಿಯ ಮೊದಲ ಮೆಟ್ಟಿಲು ಒಪ್ಪಿಕೊಳ್ಳುವಿಕೆ. ನಾತಾನನ ಭೇಟಿಯ ಸಂದರ್ಭಕ್ಕೆ ಸೇರಿದುದೆಂದು ಶಿರೋಲೇಖವುಳ್ಳ 51ನೆಯ ಕೀರ್ತನೆಯಲ್ಲಿ ದಾವೀದನು ದಂಡನೆಯಿಂದ ತಪ್ಪಿಸೆಂದು ಬೇಡುವುದಕ್ಕಿಂತ ಮಿಗಿಲಾಗಿ ಹೃದಯವನ್ನು ಶುದ್ಧಗೊಳಿಸೆಂದೂ ಕಳೆದುಹೋದ ಆನಂದವನ್ನು ಹಿಂದಿರುಗಿಸೆಂದೂ ಬೇಡುತ್ತಾನೆ. ಪಶುಬಲಿಗಿಂತ ನೊಂದ ಹೃದಯವೇ ದೇವರಿಗೆ ಒಪ್ಪುವ ಬಲಿಯೆಂದು ಅಲ್ಲಿ ಸಾರಲಾಗಿದೆ. ಹಿಟ್ಟಿನ ಕೋಳಿಯನ್ನು ಬಲಿಯಿತ್ತು ಶಾಂತಿಯನ್ನು ಕೊಳ್ಳಹೊರಟ ಯಶೋಧರನಿಗೆ ತಿಳಿಯದೆ ಹೋದ ಮಾತು ಇದೇ.

ಎರಡನೆಯ ಮೆಟ್ಟಿಲು ಅನ್ಯಾಯಕ್ಕೊಳಗಾದವನ ಬಾಗಿಲಿಗೆ ಹೋಗುವುದು. ಯಜ್ಞವೇದಿಯ ಮುಂದೆ ಕಾಣಿಕೆ ಹಿಡಿದು ನಿಂತವನಿಗೆ ಸಹೋದರನ ನೋವು ನೆನಪಾದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಅವನೊಡನೆ ಸಮಾಧಾನವಾಗಬೇಕೆಂದು ಮತ್ತಾಯನ ಸುವಾರ್ತೆ ವಿಧಿಸುತ್ತದೆ. ಲೂಕನ ಸುವಾರ್ತೆಯಲ್ಲಿ ಬರುವ ಸುಂಕದ ಅಧಿಕಾರಿ ಜಕ್ಕಾಯನು ಸ್ವತ್ತಿನ ಅರ್ಧವನ್ನು ಬಡವರಿಗೆ ಕೊಡುವೆನೆಂದೂ ಅನ್ಯಾಯದಿಂದ ಕಿತ್ತುಕೊಂಡುದನ್ನು ನಾಲ್ಕರಷ್ಟು ಹಿಂದಿರುಗಿಸುವೆನೆಂದೂ ಎದ್ದು ನಿಂತು ನುಡಿಯುತ್ತಾನೆ. ಆ ಮನೆಗೆ ರಕ್ಷಣೆ ಬಂದಿತೆಂಬ ಯೇಸುವಿನ ಘೋಷಣೆ ಬರುವುದು ಆ ಮಾತಿನ ಬೆನ್ನಲ್ಲೇ. ಗುಡಿಯ ದೇವರಿಗೆ ಹರಕೆ ಸಲ್ಲಿಸಿ, ಮೋಸಹೋದ ನೆರೆಯವನನ್ನು ಮರೆಯುವ ಸುಲಭಶಾಂತಿಗೆ ಇಲ್ಲಿ ಎಡೆಯಿಲ್ಲ.

ಹರಿಹರನು ರಗಳೆಯಾಗಿ ಹಾಡಿದ ನಂಬಿಯಣ್ಣನ ಕಥೆ ಇದನ್ನೇ ಇನ್ನೊಂದು ಬಗೆಯಲ್ಲಿ ತಿಳಿಸುತ್ತದೆ. ತಿರುವಾರೂರಿನ ಪರವೆಯನ್ನು ವರಿಸಿದ್ದ ನಂಬಿಯು ತಿರುವೊತ್ತಿಯೂರಿನ ಸಂಕಿಲೆಗೆ ಎಂದೂ ಅಗಲುವುದಿಲ್ಲವೆಂದು ಆಣೆಯಿತ್ತನು. ತಮಿಳಿನ ‘ಪೆರಿಯಪುರಾಣ’ದ ಪ್ರಕಾರ ಆಣೆ ಮಾಡುವ ಹೊತ್ತಿನಲ್ಲಿ ಗುಡಿಯೊಳಗಿರದೆ ಬೇರೆಡೆಗೆ ಹೋಗಿರಬೇಕೆಂದು ಅವನು ಶಿವನನ್ನೇ ಬೇಡಿಕೊಂಡಿದ್ದನು, ಶಿವನಾದರೋ ಹೊರಗಿನ ಮರದಡಿಯಲ್ಲಿಯೇ ಆಣೆ ಮಾಡಿಸೆಂದು ಕನ್ಯೆಗೆ ಮೊದಲೇ ತಿಳಿಸಿದ್ದನು. ಜಾಣತನದಿಂದ ಆಣೆಯ ಕಟ್ಟನ್ನು ಸಡಿಲಿಸಹೊರಟವನು ಮಾತಿಗೆ ತಪ್ಪಿ ಊರಿನ ಎಲ್ಲೆ ದಾಟಿದೊಡನೆ ಕಣ್ಣು ಕಳೆದುಕೊಂಡನು. ಶಿವನ ಮಿತ್ರನೆನಿಸಿದ ಭಕ್ತನಿಗೂ ವಿನಾಯಿತಿ ದೊರೆಯಲಿಲ್ಲ. ಆದರೆ ಅವನು ಶಿವನನ್ನು ಬಿಡಲೂ ಇಲ್ಲ. ಮೊರೆಯಿಟ್ಟು, ಹಾಡಿ, ಸಲುಗೆಯಿಂದ ಜಗಳವಾಡಿ ಕಣ್ಣನ್ನು ಮರಳಿ ಪಡೆದನು.

ತಪ್ಪಿನ ಬಳಿಕ ದೇವರ ಕಡೆಗೆ ಓಡುವುದೋ, ದೇವರಿಂದ ದೂರ ಓಡುವುದೋ ಎಂಬುದೇ ನಿರ್ಣಾಯಕ. ಯೇಸುವಿನ ಶಿಷ್ಯರಲ್ಲಿ ಪೇತ್ರನು ಗುರುವನ್ನು ಅರಿಯೆನೆಂದು ಮೂರು ಸಲ ಹುಸಿನುಡಿದು ಹೊರಗೆ ಹೋಗಿ ಬಿಕ್ಕಿಬಿಕ್ಕಿ ಅತ್ತನು. ಯೂದನು ಮೂವತ್ತು ಬೆಳ್ಳಿಯ ನಾಣ್ಯಗಳಿಗೆ ಗುರುವನ್ನು ಹಿಡಿದುಕೊಟ್ಟು, ಬಳಿಕ ನೊಂದು ಹಣವನ್ನು ಹಿಂದಕ್ಕೆ ಎಸೆದು, ಉರುಲು ಹಾಕಿಕೊಂಡನು. ಇಬ್ಬರೂ ಪಶ್ಚಾತ್ತಾಪಪಟ್ಟವರೇ. ಒಬ್ಬನ ದುಃಖ ಅವನನ್ನು ಸಹಚರರ ಬಳಿಗೆ ಮರಳಿಸಿತು. ಇನ್ನೊಬ್ಬನ ದುಃಖ ಅವನನ್ನು ಒಂಟಿಯಾಗಿಸಿ ನುಂಗಿತು. ಜೀವಕ್ಕೆ ಒಯ್ಯುವ ದುಃಖ ಬೇರೆ, ಮರಣಕ್ಕೆ ಒಯ್ಯುವ ದುಃಖ ಬೇರೆ ಎಂದು ಪೌಲನು ಕೊರಿಂಥದವರಿಗೆ ಬರೆದುದರ ಅರ್ಥ ಈ ಇಬ್ಬರ ಬಾಳಿನಲ್ಲಿ ಬಿಚ್ಚಿಕೊಳ್ಳುತ್ತದೆ. ತಪ್ಪಿನ ಭಾರದಲ್ಲಿ ನಲುಗುತ್ತಿರುವವನನ್ನು ಒಂಟಿಯಾಗಿ ಬಿಡಬಾರದೆಂಬ ಕರ್ತವ್ಯವೂ ಅವನ ಸುತ್ತಣವರಿಗೆ ಇಲ್ಲಿಂದಲೇ ಒದಗುತ್ತದೆ.

ಹೊಯ್ಸಳೇಶ್ವರನ ಗುಡಿಯ ಗೋಡೆಯಲ್ಲಿ ಕೈಲಾಸವನ್ನೆತ್ತುವ ರಾವಣನ ಪ್ರಸಿದ್ಧ ಶಿಲ್ಪವಿದೆ. ಮೇಲೆ ದೇವಗಣ, ಮೃಗಪಕ್ಷಿಗಳು ತುಂಬಿದ ಬೆಟ್ಟ; ಕೆಳಗೆ ಹಲವು ತಲೆ, ಹಲವು ತೋಳುಗಳ ದರ್ಪ. ಶಿವನು ಕಾಲ್ಬೆರಳಿನಿಂದ ಬೆಟ್ಟವನ್ನು ಒತ್ತಿದಾಗ ಸಿಕ್ಕಿಬಿದ್ದ ರಾವಣನು ಅದರಡಿಯಲ್ಲಿಯೇ ಶಿವನನ್ನು ಹಾಡಿ ಒಲಿಸಿಕೊಂಡನೆಂದು ಪುರಾಣ. ಒತ್ತಿದ ಬೆರಳೇ ಕೊನೆಗೆ ಎತ್ತಿದ ಬೆರಳಾಯಿತು.

ಸಾಮ್ಯ ಮತ್ತು ಭೇದ

ಸಾಮ್ಯಗಳ ನಡುವೆ ಭೇದಗಳನ್ನು ಮರೆಸುವುದು ಪ್ರಾಮಾಣಿಕ ವಿಮರ್ಶೆಯಾಗದು. ಜನ್ನನ ಜೈನದೃಷ್ಟಿಯಲ್ಲಿ ಕ್ಷಮಿಸುವ ಕರ್ತೃವಿಲ್ಲ. ಕರ್ಮವನ್ನು ಜೀವನೇ ತಪಸ್ಸಿನಿಂದ ಸವೆಸಬೇಕು. ಬೈಬಲಿನಲ್ಲಿ ಒಂದೇ ಬಾಳು, ಒಬ್ಬನೇ ನ್ಯಾಯಾಧಿಪತಿ, ಆತನೇ ಕರುಣಾಳು. ಪಾಪಿಯು ಸ್ವಂತ ಬಲದಿಂದ ಶಾಂತಿಯನ್ನು ಗಳಿಸಲಾರನು. ತಾನು ಒಲ್ಲದುದನ್ನೇ ಮಾಡುವ ಇಬ್ಬಂದಿಯನ್ನು ಪೌಲನು ರೋಮಾಪುರದವರಿಗೆ ಬರೆದ ಪತ್ರದಲ್ಲಿ ತೋಡಿಕೊಂಡು, ದೇವರೊಡನೆ ಸಮಾಧಾನವು ಕ್ರಿಸ್ತನ ಮೂಲಕ ಬಂದ ಕೃಪೆಯೆನ್ನುತ್ತಾನೆ. ಹರಿಹರನ ಶಿವಭಕ್ತಿಯಲ್ಲಿಯೂ ಕೃಪೆಗೆ ಅಗ್ರಸ್ಥಾನವಿದೆ. ಆದರೆ ಅಲ್ಲಿ ನ್ಯಾಯಸಭೆಯ ಗಾಂಭೀರ್ಯಕ್ಕಿಂತ ಒಡನಾಟದ ಸಲುಗೆ ಹೆಚ್ಚು.

ಕೃಪೆ ದೊರೆತರೂ ಫಲ ಅಳಿಯುವುದಿಲ್ಲವೆಂಬುದರಲ್ಲಿ ಎಲ್ಲರೂ ಒಮ್ಮತದವರು. ದಾವೀದನು ಕ್ಷಮೆಗೆ ಪಾತ್ರನಾದನು. ಆದರೂ ಆ ಮಗು ಸತ್ತಿತು, ಊರೀಯನು ಮರಳಿ ಬರಲಿಲ್ಲ, ದಾವೀದನ ಮನೆಯೊಳಗಿನ ಕಲಹ ಅವನನ್ನು ಮುಪ್ಪಿನವರೆಗೂ ಕಾಡಿತು. ಯಶೋಧರನ ಜೀವಕ್ಕೆ ಅರಿವು ದೊರೆಯುವ ಮುನ್ನ ಭವಾವಳಿ ಸವೆಯಬೇಕಾಯಿತು. ಆದರೆ ಆ ಸವೆತ ವ್ಯರ್ಥವಾಗಲಿಲ್ಲ. ಅಭಯರುಚಿ ಅಭಯಮತಿಯರೆಂಬ ಅವಳಿಮಕ್ಕಳಾಗಿ ಹುಟ್ಟಿದ ಆ ಜೀವಗಳನ್ನು ಮಾರಿದತ್ತನೆಂಬ ಅರಸನು ಚಂಡಮಾರಿಗೆ ಬಲಿಕೊಡಲೆಂದು ತರಿಸಿದಾಗ ಅವರು ಭಯಪಡದೆ ನಸುನಕ್ಕು ತಮ್ಮ ಕಥೆಯನ್ನು ಹೇಳಿದರು. ಕೇಳಿದ ಅರಸನು ಬಲಿಯನ್ನು ಕೈಬಿಟ್ಟನು. ತಮ್ಮ ತಪ್ಪನ್ನು ಮುಚ್ಚಿಡದೆ ನುಡಿದ ಮಾತು ಇನ್ನೊಬ್ಬನನ್ನು ತಪ್ಪಿನಿಂದ ಉಳಿಸಿತು. ಬಲಿಗಾಗಿ ಕಟ್ಟಿಹಾಕಿದ್ದ ಮೂಕಜೀವಿಗಳೂ ಉಳಿದವು.

ಬೈಬಲಿನ ಶಾಂತಿಪದಕ್ಕೆ ಇಡಿಯಾಗಿರುವಿಕೆ ಎಂಬ ಅರ್ಥವಿರುವುದನ್ನು ಆರಂಭದಲ್ಲಿ ನೋಡಿದ್ದಾಯಿತು. ತಪ್ಪಿನಿಂದ ಬಿರುಕುಬಿಟ್ಟ ಬಾಳು ಬಿರುಕಿಲ್ಲದ ಹಿಂದಿನ ಸ್ಥಿತಿಗೆ ಮರಳಲಾರದಿರಬ��ುದು. ಆದರೆ ತಪ್ಪನ್ನು ಒಪ್ಪಿ, ನೊಂದವರಿಗೆ ಸಲ್ಲಬೇಕಾದುದನ್ನು ಸಲ್ಲಿಸಿ, ತನ್ನ ಅನುಭವವನ್ನು ಇತರರಿಗೆ ಎಚ್ಚರಿಕೆಯಾಗಿಸಿದ ಬಾಳು ಬೇರೊಂದು ಬಗೆಯಲ್ಲಿ ಇಡಿಯಾಗುತ್ತದೆ. ಅಡಗಿಕೊಂಡವನನ್ನು ಎಲ್ಲಿರುವೆಯೆಂದು ಕೇಳುವ ದನಿ ತೋಟದಲ್ಲಿ ಕೇಳಿದರೂ, ಕೋಳಿಯ ಕೂಗಿನಲ್ಲಿ ಕೇಳಿದರೂ, ಗುರುವಿನ ಬಾಯಲ್ಲಿ ಕೇಳಿದರೂ ಅದಕ್ಕೆ ಓಗೊಟ್ಟು ಹೊರಬರುವುದೇ ಶಾಂತಿಯ ಮೊದಲ ಹೆಜ್ಜೆ.